ಸಾವಿರ ಕಂಬ, ಸಾವಿರ ಬೀಡಿ

ನಮ್ಮ ಜಿಲ್ಲೆಯ ಸಂಸ್ಕೃತಿಯನ್ನು ಕುರಿತ ಭಾಷಣಗಳು ಕೇಳಿ ಕೇಳಿ ನನಗೆ ಬಾಯಿಪಾಠವಾಗಿವೆ. 1430ರ ಮೂಡಬಿದಿರೆಯ ಸಾವಿರ ಕಂಬದ ಬಸದಿ, 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ ವೇಣೂರಿನ ಗೊಮ್ಮಟ, ಯಕ್ಷಗಾನ, ಭೂತಕೋಲ, ಕಂಬಳ. ಕೊನೆಗೆ 'ವಿವಿಧತೆಯಲ್ಲಿ ಏಕತೆ' ಎಂಬ ಮಂಗಳ. ಇವುಗಳ ಹಿರಿಮೆಯನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಜಗಲಿಗಳಲ್ಲಿ ತಡ್ಪೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟಿದ ಹೆಂಗಸರಿಗೆ ಆ ಪಟ್ಟಿಯಲ್ಲಿ ಏಕೆ ಸ್ಥಾನವಿಲ್ಲ ಎಂಬುದೇ ನನ್ನ ತಕರಾರು.

ವಿವಿಧತೆಯನ್ನು ಕಾಣಬೇಕಿದ್ದರೆ ಆ ತಡ್ಪೆಯನ್ನೇ ನೋಡಬಹುದಿತ್ತು. ಎಲೆ ಮಧ್ಯಪ್ರದೇಶ, ಒಡಿಶಾಗಳ ಕಾಡಿನದು. ಹೊಗೆಸೊಪ್ಪು ನಿಪ್ಪಾಣಿಯದೋ ಗುಜರಾತಿನದೋ. ಕಟ್ಟುವ ಕೈಗಳಲ್ಲಿ ಬಿಲ್ಲವರೂ ಇದ್ದರು, ಬ್ಯಾರಿಗಳೂ ಇದ್ದರು, ಕ್ರೈಸ್ತರೂ ಇದ್ದರು. ಬೀಡಿಯ ಬ್ರಾಂಚಿನ ಮುಂದೆ ಇವರೆಲ್ಲ ಒಂದೇ ಸಾಲಿನಲ್ಲಿ ನಿಂತವರು.

1974ರ ಭೂಸುಧಾರಣೆ ಒಕ್ಕಲುಗಳಿಗೆ ಭೂಮಿಯ ಒಡೆತನವನ್ನು ಕೊಟ್ಟಿತು, ನಿಜ. ಆದರೆ ತುಂಡು ಗದ್ದೆ ಅನ್ನ ಕೊಟ್ಟೀತು, ನಗದು ಕೊಡದು. ಶಾಲೆಯ ಫೀಸು, ಮಳೆಗಾಲದ ಕೊಡೆ, ಮಗಳ ಮದುವೆಯ ಚಿನ್ನ ಇವೆಲ್ಲ ಎಷ್ಟೋ ಮನೆಗಳಲ್ಲಿ ಸಾವಿರ ಬೀಡಿಗೆ ಇಷ್ಟೆಂದು ಸಿಗುವ ಮಜೂರಿಯಿಂದಲೇ ಆದವು.

ಈ ಮರೆವಿನಲ್ಲಿ ನನ್ನ ಪಾಲೂ ಇದೆ. ಶಾಲೆಗೆ ಮಕ್ಕಳನ್ನು ಸೇರಿಸಿಕೊಳ್ಳುವಾಗ ತಾಯಿಯ ಉದ್ಯೋಗದ ಅಂಕಣದಲ್ಲಿ ಕೇಳುವ ಗೋಜಿಗೂ ಹೋಗದೆ 'ಗೃಹಿಣಿ' ಎಂದು ಬರೆದವನು ನಾನು. ಕೆಲವು ತಿಂಗಳುಗಳ ಬಳಿಕ ಅದೇ ಮಗು ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಯನ್ನು ತಂದಾಗ ಅದಕ್ಕೂ ನಾನೇ ರುಜು ಹಾಕುತ್ತಿದ್ದೆ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳೂ ಕಾರ್ಮಿಕಳೇ ಎಂದು 1966ರ ಕಾನೂನು ಒಪ್ಪಿತ್ತು, ಮೇಷ್ಟ್ರು ಒಪ್ಪಿರಲಿಲ್ಲ.

'ಬೀಡಿ ವಿಷವಲ್ಲವೇ, ಅದನ್ನು ಹೊಗಳುತ್ತೀರಾ?' ಎಂದು ಕೇಳುವವರಿದ್ದಾರೆ. ವಿಷವೇ ಸರಿ. ಸೇದುವವನಿಗಷ್ಟೇ ಅಲ್ಲ, ಅದರ ಧೂಳು ಕಟ್ಟುವವಳಿಗೂ ಕೇಡು. 2003ರ ತಂಬಾಕು ನಿಯಂತ್ರಣ ಕಾನೂನನ್ನು ನಾನು ಸ್ವಾಗತಿಸಿದವನೇ. ಬೀಡಿ ಹೋಗಲಿ. ಆದರೆ ಬೀಡಿ ಕಟ್ಟಿ ಬೆನ್ನು ಬಾಗಿದವಳನ್ನು ಅದರೊಡನೆ ಎಸೆಯುವುದು ಯಾವ ಆರೋಗ್ಯನೀತಿ? ಭವಿಷ್ಯನಿಧಿಯ ಯೋಜನೆಯಲ್ಲಿ ಕನಿಷ್ಠ ಪಿಂಚಣಿಯನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಪಡಿಸಲಾಯಿತು. ಅವಳ ಮಗನಿಗೆ ಮಗ್ಗಿ ಕಲಿಸಿದ ನನಗೆ ತುಟ್ಟಿಭತ್ಯೆ ಸಹಿತ ಪಿಂಚಣಿ ಬರುತ್ತದೆ. ಆ ಮಗನನ್ನು ಶಾಲೆಗೆ ಕಳುಹಿಸಿದ ಅವಳಿಗೆ ಔಷಧಿಗೂ ಸಾಲದಷ್ಟು. ಈ ಅಂತರವನ್ನು ಯಾವ ನ್ಯಾಯದಿಂದ ಸಮರ್ಥಿಸೋಣ?

ಬಸದಿಯ ಕಂಬಗಳನ್ನು ಎಣಿಸಿ ಹೆಮ್ಮೆಪಡುವ ನಾವು ಈ ಹೆಂಗಸರ ದುಡಿಮೆಯನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು. ಮುಂದಿನ ಸಂಸ್ಕೃತಿ ಸಮ್ಮೇಳನದಲ್ಲಿ ಅಂಥ ಒಬ್ಬಾಕೆಗೆ ಶಾಲು ಹೊದೆಸಿದರೆ ಸಾಲದು. ಅವಳ ಪಿಂಚಣಿಯ ಕುರಿತು ಒಂದು ನಿರ್ಣಯವನ್ನಾದರೂ ಮಂಡಿಸಿರಿ.