ಸಮುದ್ರೋಲ್ಲಂಘನ

ಪರದೇಶಪ್ರಯಾಣವು ಬುದ್ಧಿಯನ್ನು ವಿಶಾಲಗೊಳಿಸುವುದೆಂಬ ಮಾತನ್ನು ನಾವು ವಿಚಾರಣೆಯಿಲ್ಲದೆ ಒಪ್ಪಿಕೊಂಡಿದ್ದೇವೆ. ಆದರೆ ಕಡಲಾಚೆಯ ಆಚಾರವಿಚಾರಗಳನ್ನು ಕಂಡು ಬೆರಗಾಗಿ ಬಂದವನು ತನ್ನ ಊರಿನಲ್ಲಿ ಮಗ್ಗುಲಿನ ಮನುಷ್ಯನನ್ನು ಯಾವ ದೃಷ್ಟಿಯಿಂದ ಕಾಣುತ್ತಾನೆಂಬುದನ್ನು ನೋಡಿದ ಹೊರತು ಆ ಮಾತಿನ ಸತ್ಯಾಸತ್ಯತೆ ನಿರ್ಣಯವಾಗದು. ಈ ಪರೀಕ್ಷೆಗೆ, ಕಡಲಾಚೆಯವರಿಗೆ ಎಡೆಗೊಟ್ಟ ಕೊಚ್ಚಿಯ ಸೀಮೆಗಿಂತ ತಕ್ಕ ನೆಲವನ್ನು ನಾನರಿಯೆ.

ಕೊಚ್ಚಿಯ ಅರಸರ ನೆಲೆವೀಡಾಗಿದ್ದ ತ್ರಿಪ್ಪುಣಿತ್ತುರದಲ್ಲಿ, ಓಣಂ ಹಬ್ಬಕ್ಕೆ ನಾಂದಿಯಾದ ಅತ್ತಂ ನಕ್ಷತ್ರದಂದು ಅತ್ತಚ್ಚಮಯದ ಮೆರವಣಿಗೆ ಹೊರಡುವುದು ವಾಡಿಕೆ. ಹಿಂದೆ ಅರಸನ ಪಲ್ಲಕ್ಕಿಯನ್ನೆತ್ತುವ ಮುನ್ನ ನೆಟ್ಟೂರಿನ ತಂಙಳ್ ಬಂದರೆ, ಕರಿಂಙಾಚ್ಚಿರದ ಕತ್ತನಾರ್ ಬಂದರೆ, ಚೆಂಬಿಲ್ ಅರಯನ್ ಬಂದನೆ ಎಂದು ವಿಚಾರಿಸುತ್ತಿದ್ದರಂತೆ. ಮುಸಲ್ಮಾನರ ಗುರು, ಕ್ರೈಸ್ತರ ಪಾದ್ರಿ, ಬೆಸ್ತರ ನಾಯಕ ಈ ಮೂವರೂ ನೆರೆದಲ್ಲದೆ ಮೆರವಣಿಗೆ ಕದಲುತ್ತಿರಲಿಲ್ಲವೆಂದು ಅಲ್ಲಿಯವರು ಅಭಿಮಾನದಿಂದ ಹೇಳುತ್ತಾರೆ. ಯೆಹೂದ್ಯರು 1568ರಲ್ಲಿ ಮಟ್ಟಾಂಚೇರಿಯ ಅರಮನೆಯ ಮಗ್ಗುಲಲ್ಲೇ ತಮ್ಮ ಪ್ರಾರ್ಥನಾಮಂದಿರವನ್ನು ಕಟ್ಟಿಕೊಂಡರು. ಇಷ್ಟು ಔದಾರ್ಯವಿದ್ದ ಈ ಸಂಸ್ಥಾನವೇ, ತಿರುವಾಂಕೂರಿನ ಅರಸರು 1936ರಲ್ಲಿ ಸಾರಿದ ದೇವಾಲಯಪ್ರವೇಶವನ್ನು ಅಂಗೀಕರಿಸಲು 1947ರವರೆಗೆ ತಡೆಯಿತು. ನಡುವೆ ತಿರುವಾಂಕೂರಿನ ಗುಡಿಗಳಲ್ಲಿ ಪೂಜಿಸಿದ ತಂತ್ರಿಗಳನ್ನೂ ಮೈಲಿಗೆಯೆಂದು ದೂರವಿಟ್ಟಿತು. ಪರದೇಶಿಗೆ ತೋರುವ ಆದರ ಅರಸನ ಇಚ್ಛೆಗೆ ಸೇರಿದ್ದು, ಸ್ವಜನಕ್ಕೆ ಸಲ್ಲುವ ಸಮಾನತೆ ನ್ಯಾಯಕ್ಕೆ ಸೇರಿದ್ದು. ಮೊದಲನೆಯದಿದ್ದಲ್ಲಿ ಎರಡನೆಯದೂ ತಾನಾಗಿ ಇರುವುದೆಂದು ನಂಬುವುದು ಭ್ರಮೆ.

ಪ್ರವಾಸದಿಂದ ನ್ಯಾಯದ ಪ್ರಶ್ನೆಯನ್ನೇ ಹೊತ್ತುತಂದವರೂ ಇದ್ದಾರೆ. ಕೇರಳದ ಕ್ರೈಸ್ತ ಪಾದ್ರಿ ಪಾರೆಮ್ಮಾಕ್ಕಲ್ ತೋಮಾ ಕತ್ತನಾರ್ 1778ರಲ್ಲಿ ಕರಿಯಾಟ್ಟಿಲ್ ಜೋಸೆಫ್ ಮಲ್ಪಾನರೊಡನೆ ಹಡಗು ಹತ್ತಿ, ಲಿಸ್ಬನ್ ರೋಮ್‌ಗಳನ್ನು ಕಂಡು 1786ರಲ್ಲಿ ಮರಳಿದರು. ಆರ್ಚ್‌ಬಿಷಪ್ ಪದವಿ ಪಡೆದ ಮಲ್ಪಾನರು ಸ್ವಂತ ಊರು ಸೇರದೆ ಗೋವೆಯಲ್ಲೇ ತೀರಿಕೊಂಡರು. ಕತ್ತನಾರರ ‘ವರ್ತಮಾನಪ್ಪುಸ್ತಕಂ’ ಪರನಾಡಿನ ವೈಭವವನ್ನು ವರ್ಣಿಸಿ ಅಷ್ಟಕ್ಕೆ ನಿಲ್ಲುವುದಿಲ್ಲ. ಬೇರೆ ಬೇರೆ ನಾಡಿನವರಿಗೆ ಅವರವರೇ ಧರ್ಮಾಧ್ಯಕ್ಷರಾಗಿರುವಾಗ ತಮ್ಮ ಜನರನ್ನು ಮಾತ್ರ ಅನ್ಯದೇಶೀಯರು ಏಕೆ ಆಳಬೇಕೆಂದು ಅದು ಕೇಳುತ್ತದೆ. ನಮ್ಮಲ್ಲಿ ಸ್ವರಾಜ್ಯದ ಮಾತು ಹುಟ್ಟುವುದಕ್ಕೆ ಶತಮಾನಕ್ಕೂ ಮೊದಲು ಇದನ್ನು ಬರೆದ ಆ ಧೀರನಿಗೆ ನಾನು ಮನಸಾರೆ ತಲೆಬಾಗುತ್ತೇನೆ. ಆ ಗ್ರಂಥ ಅಚ್ಚಾದದ್ದು ದೇವಾಲಯಪ್ರವೇಶದ ಘೋಷಣೆಯಾದ 1936ರಲ್ಲೇ.

ಕನ್ನಡನಾಡಿನಲ್ಲಾದರೋ, ಸಂಪ್ರದಾಯ ನಿಷೇಧಿಸಿದ್ದ ಸಮುದ್ರೋಲ್ಲಂಘನವನ್ನು ಮಾಡಿದ ಯತಿಗಳು ಉಡುಪಿಯ ಕೃಷ್ಣನನ್ನು ಪೂಜಿಸಬಹುದೆ ಎಂಬ ವಿವಾದ 2008ರಲ್ಲಿ, ಪುತ್ತಿಗೆ ಮಠದ ಪೂಜೆಯ ಸರದಿಯಾದ ಪರ್ಯಾಯದಲ್ಲಿ ಎದ್ದಿತು. ಆದರೆ ಗೃಹಸ್ಥರ ಮಕ್ಕಳು ಅಮೇರಿಕಾದಲ್ಲಿ ನೆಲಸುವುದನ್ನು ಯಾರೂ ಆಕ್ಷೇಪಿಸುವುದಿಲ್ಲ. ಆದುದರಿಂದ ಈ ನಿಷೇಧವಿನ್ನು ಜನಜೀವನದ ಸಮಸ್ಯೆಯಾಗಿ ಉಳಿದಿಲ್ಲ.

ಉಳಿದಿರುವ ಸಮಸ್ಯೆ ಬೇರೆ. ದುಬಾಯಿಯಲ್ಲೋ ಮೆಲ್ಬರ್ನಿನಲ್ಲೋ ದುಡಿಯುವ ನಮ್ಮವನಿಗೆ ಅಲ್ಲಿ ಅವಮಾನವಾದರೆ ನಾವು ಸಹಜವಾಗಿಯೇ ಕುದಿಯುತ್ತೇವೆ. ತ್ರಿಪ್ಪುಣಿತ್ತುರಕ್ಕೆ ದೂರವಲ್ಲದ ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಗಳಲ್ಲಿ ದುಡಿಯುವ ಬಂಗಾಳ, ಅಸ್ಸಾಮುಗಳ ಕೂಲಿಗಾರರನ್ನೂ, ಬೆಂಗಳೂರಿನ ಕಟ್ಟಡಗಳ ಬಳಿ ತಗಡಿನ ಶೆಡ್ಡುಗಳಲ್ಲಿ ಬದುಕುವವರನ್ನೂ ಅದೇ ಅಳತೆಗೋಲಿನಿಂದ ಅಳೆಯುವುದಿಲ್ಲ. ಅನಿವಾಸಿಗಳು ಪ್ರತಿನಿಧಿಯ ಮೂಲಕ ಮತ ಚಲಾಯಿಸಲು ಅವಕಾಶ ಕೊಡುವ ಮಸೂದೆ 2018ರಲ್ಲಿ ಲೋಕಸಭೆಯ ಒಪ್ಪಿಗೆ ಪಡೆಯಿತು, ಶಾಸನವಾಗಲಿಲ್ಲ. ಒಳನಾಡಿನ ವಲಸಿಗನಾದರೋ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಕಾರಣಕ್ಕೆ ಕೂಲಿಯನ್ನು ಕಳೆದುಕೊಂಡು, ದಿನಗಟ್ಟಲೆ ರೈಲಿನಲ್ಲಿ ನಿಂತು ಹೋಗಬೇಕು, ಇಲ್ಲವೆ ಮತವನ್ನೇ ಬಿಡಬೇಕು. ಕಡಲಾಚೆಯವನ ಮತಕ್ಕಿಂತ ಮೊದಲು ಈತನ ಮತಕ್ಕೆ, ಈತ ದುಡಿಯುವ ಊರಿನಲ್ಲಿಯೇ, ಸರ್ಕಾರಗಳು ದಾರಿ ಮಾಡಿಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.