ಮರದರಿಶಿನದ ಅಸಲು ಮತ್ತು ಬಡ್ಡಿ

ಪಶ್ಚಿಮ ಘಟ್ಟದ ಕಾಡುಗಳಲ್ಲಿ ಹೆಮ್ಮರಗಳನ್ನು ತಬ್ಬಿ ಮೇಲೇರುವ ಬಳ್ಳಿ ಮರದರಿಶಿನ. ಅದರ ಕಾಂಡವನ್ನು ಕಡಿದರೆ ಒಳಗೆಲ್ಲ ಹಳದಿ. ಆ ಕಾಂಡದಲ್ಲಿರುವ ಬರ್ಬೆರಿನ್ ಎಂಬ ದ್ರವ್ಯಕ್ಕೆ ಹಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುವ ಗುಣವುಂಟು. ದಕ್ಷಿಣದ ಗ್ರಂಥಿಗೆ ಅಂಗಡಿಗಳಲ್ಲಿ ದಾರುಹರಿದ್ರವೆಂದು ಮಾರಾಟವಾಗುವುದು ಬಹುಮಟ್ಟಿಗೆ ಇದೇ. ಆದರೆ ಈ ಬಳ್ಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಬೀಜ ಮೊಳೆಯುವುದು ನಿಧಾನ, ಕಾಂಡ ಬಲಿಯುವುದಕ್ಕೆ ಹಲವು ವರ್ಷಗಳೇ ಬೇಕು. ಕಾಂಡವನ್ನೇ ಕಡಿದು ತರುವ ಈ ವ್ಯಾಪಾರ ಬಡ್ಡಿಯನ್ನು ಬಿಟ್ಟು ಅಸಲನ್ನೇ ತಿನ್ನುವಂಥದು. ಬಳ್ಳಿಯು ಇಂದು ಅಳಿವಿನಂಚಿಗೆ ಬಂದಿರುವುದರಲ್ಲಿ ಆಶ್ಚರ್ಯವೇನಿಲ್ಲ.

ಇದಕ್ಕೊಂದು ಪರಿಹಾರ ಅಂಗಾಂಶ ಕೃಷಿ. ಗಿಡದ ಗಿಣ್ಣಿನ ಸಣ್ಣ ತುಂಡೊಂದನ್ನು ಸೋಂಕು ಕಳೆದು, ಲವಣ, ಸಕ್ಕರೆ ಮತ್ತು ಬೆಳವಣಿಗೆಯ ಚೋದಕಗಳನ್ನು ಬೆರೆಸಿದ ಮಾಧ್ಯಮದಲ್ಲಿಟ್ಟರೆ ಚಿಗುರುಗಳು ಒಡೆಯುತ್ತವೆ. ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ಪ್ರಕಟಿಸಿದ ಮಾಧ್ಯಮವೇ ಇಂದಿಗೂ ಬಹಳೆಡೆ ಬಳಕೆಯಲ್ಲಿದೆ. ಜಪಾನಿನ ಮಿತ್ಸುಯಿ ಸಂಸ್ಥೆಯು 1983ರಲ್ಲಿ ಗಿಡದ ಜೀವಕೋಶಗಳನ್ನೇ ತೊಟ್ಟಿಯಲ್ಲಿ ಬೆಳೆಸಿ, ಶಿಕೋನಿನ್ ಎಂಬ ಸೂಕ್ಷ್ಮಾಣುನಿರೋಧಕ ವರ್ಣದ್ರವ್ಯವನ್ನು ಮಾರುಕಟ್ಟೆಗೆ ತಂದಿತು.

ಆದರೆ ಸಸಿಗಳ ಸಂಖ್ಯೆಯೇ ಯಶಸ್ಸಲ್ಲ. ಸಕ್ಕರೆಯುಂಡು ಸೀಸೆಯಲ್ಲಿ ಬೆಳೆದ ಜೀವಕೋಶ, ಬಲಿತ ಗಿಡದಷ್ಟೇ ಔಷಧದ್ರವ್ಯವನ್ನು ತಯಾರಿಸುತ್ತದೆಂಬ ಭರವಸೆಯಿಲ್ಲ. ಆದುದರಿಂದ ಪರೀಕ್ಷೆ ಅನಿವಾರ್ಯ. ಬ್ಯಾಕ್ಟೀರಿಯಾ ಸವರಿದ ಅಗರ್ ತಟ್ಟೆಯ ಮೇಲೆ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನಿಟ್ಟು, ಅದರ ಸುತ್ತ ಅವು ಬೆಳೆಯದ ತಿಳಿವಲಯವನ್ನು ಅಳೆಯುತ್ತಾರೆ. ಪಕ್ಕದಲ್ಲಿ ಬರಿಯ ದ್ರಾವಕದ ಬಿಲ್ಲೆಯೊಂದು ಇರಲೇಬೇಕು. ಇಲ್ಲವಾದರೆ ಮದ್ಯಸಾರದ ಕೆಲಸವನ್ನು ಮೂಲಿಕೆಯ ಖಾತೆಗೆ ಜಮಾ ಮಾಡಿದಂತಾದೀತು. ಕಾಡಿನ ಕಾಂಡದ ಸಾರವನ್ನೂ ಜೊತೆಗಿಟ್ಟು ಹೋಲಿಸಬೇಕು.

ಅಡವಿನ ಬೆಲೆ ಕಟ್ಟದೆ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಔಷಧೀಯ ಸಸಿಗಳಿಗೆ ದೊರೆಯುವ ಸಾಲಕ್ಕೂ ಸಹಾಯಧನಕ್ಕೂ ಇಂತಹ ಪರೀಕ್ಷೆಯೇ ಷರತ್ತಾಗಬೇಕೆಂಬುದು ಬ್ಯಾಂಕಿನಲ್ಲಿ ದುಡಿಯುವ ನನ್ನ ಅಭಿಪ್ರಾಯ. ಸತ್ವವಿಲ್ಲದ ಬೆಳೆಯಿಂದ ರೈತನಿಗೂ ನಷ್ಟ, ರೋಗಿಗೂ ನಷ್ಟ. ಕೊನೆಗೆ ಕೊಡಲಿ ಮತ್ತೆ ಕಾಡಿನತ್ತಲೇ ತಿರುಗುತ್ತದೆ.

ನಗರವಾಸಿಗಳಾದ ನಾವೂ ಒಂದು ಮಾತನ್ನು ಮರೆಯಬಾರದು. ತಟ್ಟೆಯಲ್ಲಿ ಗೆದ್ದ ಮದ್ದು ದೇಹದಲ್ಲಿಯೂ ಗೆಲ್ಲಬೇಕೆಂದಿಲ್ಲ. ಬಾಯಿಂದ ಸೇವಿಸಿದ ಬರ್ಬೆರಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ವೈದ್ಯರು ಬರೆದುಕೊಟ್ಟ ಔಷಧಿಯನ್ನು ನಡುವೆ ನಿಲ್ಲಿಸಿ ಕಷಾಯಕ್ಕೆ ಶರಣಾಗುವುದು ವಿವೇಕವಲ್ಲ. ಅಂಗಡಿಯಲ್ಲಿ ಮೂಲಿಕೆ ಕೊಳ್ಳುವಾಗ ಬೆಲೆಯ ಜೊತೆಗೆ, ಅದು ಬೆಳೆದದ್ದೆಲ್ಲಿ, ಪರೀಕ್ಷೆಯಾಗಿದೆಯೇ ಎಂದೂ ಕೇಳೋಣ. ಕೇಳುವವರಿದ್ದರೆ ತಾನೇ ಹೇಳುವವರು ಹುಟ್ಟುವುದು!