ಸುಂಕದ ಉಗ್ರಾಣ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ನಿಜಾಮನ ಸಂಸ್ಥಾನದಲ್ಲಿದ್ದಾಗ ತುಂಗಭದ್ರೆಯ ಆಚೆಯ ಬಳ್ಳಾರಿ ಸೀಮೆಯ ಸರಕಿಗೂ ಕರೋಡಗಿರಿಯವರು ಸುಂಕ ಹೇರುತ್ತಿದ್ದರು. ಕನ್ನಡಿಗನಿಗೆ ಕನ್ನಡಿಗನೇ ಪರದೇಶಿಯಾಗಿದ್ದ ಆ ಕಾಲವು ಕಳೆಯಿತು. 1956ರಲ್ಲಿ ಎರಡು ದಡಗಳೂ ಒಂದೇ ರಾಜ್ಯವಾದವು. ಈಗ ಸುಂಕವಿರುವುದು ದೇಶದ ಗಡಿಯಲ್ಲಿ. ಆದರೂ ವಿದೇಶದಿಂದ ಗಿರಣಿಯ ಬಿಡಿಭಾಗಗಳನ್ನು ತರಿಸುವ ನಮ್ಮ ವರ್ತಕನು, ಒಂದನ್ನೂ ಮಾರುವ ಮುನ್ನ ಪೂರ್ತಿ ಸುಂಕ ತೆತ್ತು ಬಂಡವಾಳವನ್ನು ಕಟ್ಟಿಹಾಕಿಕೊಳ್ಳಬೇಕೆ? ಬೇಕಿಲ್ಲ. 1962ರ ಸುಂಕದ ಕಾಯಿದೆಯಂತೆ, ಸುಂಕದ ಮುಮ್ಮಡಿ ಮೊತ್ತಕ್ಕೆ ಮುಚ್ಚಳಿಕೆ ಬರೆದುಕೊಟ್ಟು ಸರಕನ್ನು ಪರವಾನಗಿಯುಳ್ಳ ಉಗ್ರಾಣದಲ್ಲಿರಿಸಿದರೆ, ಹೊರತೆಗೆದಷ್ಟಕ್ಕೆ ಮಾತ್ರ ಆಗಾಗ ಸುಂಕ ತೆತ್ತರಾಯಿತು. ಮರಳಿ ಪರದೇಶಕ್ಕೆ ಕಳುಹಿದರೆ ಆಮದು ಸುಂಕವೇ ಇಲ್ಲ. 90 ದಿನ ಮೀರಿದರೆ ಬಡ್ಡಿಯುಂಟೆಂಬ ಎಚ್ಚರವಿರಲಿ. ಅಂದು ಸುಂಕದ ಕಟ್ಟೆ ನಮ್ಮನ್ನು ತಡೆಯಿತು. ಇಂದು ಅಜ್ಞಾನವು ತಡೆಯಬಾರದು. ಉಪಾಧ್ಯಾಯ ಬಂಧುಗಳು ಈ ಕಾಯಿದೆಯನ್ನು ಪೇಟೆಯವರಿಗೆ ತಿಳಿಗನ್ನಡದಲ್ಲಿ ವಿವರಿಸಬೇಕೆಂದು ನಾವು ಕೋರುತ್ತೇವೆ.